‘ಹಾಲು ಸಾಲ್ತಿಲ್ಲ’ ಅನ್ನೋ ಮಾತು ಮತ್ತು ಒದ್ದೆ ಬಟ್ಟೆಗಳ ಲೆಕ್ಕ

ಬಾಣಂತನದ ಮೊದಲ ವಾರಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ‘ಹಾಲು ಸಾಲ್ತಿಲ್ಲ ಅನ್ಸುತ್ತೆ’. ಮಗು ರಾತ್ರಿ ಎದ್ದರೂ ಅದೇ ಮಾತು. ಸಂಜೆ ಅತ್ತರೂ ಅದೇ. ಬೆರಳು ಬಾಯಿಗಿಟ್ಟರೂ ಅದೇ. ನೋಡಲು ಬಂದ ನೆಂಟರು, ಪಕ್ಕದ ಮನೆಯವರು, ಫೋನಿನಲ್ಲಿ ನಮ್ಮತ್ತೆ, ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಿದ್ದರು. ಆದರೆ ನಿದ್ದೆಗೆಟ್ಟ ಬಾಣಂತಿಗೆ ಆ ಮಾತು ಎಷ್ಟು ನೋವು ಕೊಡುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು.

ಆ ಮಾತು ನಿಜವೇ ಅಂತ ನಾವು ಹೇಗೆ ನೋಡಿಕೊಂಡೆವು, ಹಾಲು ಕುಡಿಸುವುದನ್ನು ಹೇಗೆ ಸರಿಮಾಡಿಕೊಂಡೆವು, ಆಮೇಲೆ ರಾತ್ರಿಗಳನ್ನು ಹೇಗೆ ಹಂಚಿಕೊಂಡೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಗು ಮಲಗುತ್ತಿಲ್ಲ ಅಂತ ಬರೀ ಮಲಗಿಸುವ ಉಪಾಯಗಳನ್ನೇ ಹುಡುಕಿದರೆ ಪ್ರಯೋಜನವಿಲ್ಲ. ಮೊದಲು ಹಾಲು ಹೊಟ್ಟೆಗೆ ಇಳಿಯಬೇಕು. ಅದಾಗದೆ ಯಾವ ಜೋಗುಳವೂ ಕೆಲಸ ಮಾಡುವುದಿಲ್ಲ.

ನನ್ನ ಮಗಳು 37 ವಾರಕ್ಕೆ ಹುಟ್ಟಿದಳು. ತೂಕ 2.6 ಕಿಲೋ. ಆಸ್ಪತ್ರೆಯಿಂದ ತಿಪಟೂರಿನ ಹತ್ತಿರದ ನನ್ನ ತವರಿಗೆ ಬಂದೆವು. ಎದೆಗೆ ಹಾಕಿಕೊಂಡರೆ ನಾಲ್ಕೈದು ಸಲ ಚೀಪಿ ಹಾಗೇ ನಿದ್ದೆ ಹೋಗುತ್ತಿದ್ದಳು. ತೊಟ್ಟಿಲಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಮತ್ತೆ ಅಳು. ಬೆಳಗಿನವರೆಗೂ ಹೀಗೇ. ಮೂರನೇ ದಿನಕ್ಕೆ ಮುಖ ಹಳದಿ ಕಾಣಿಸಿತು. ಡಾಕ್ಟರ್ ಮೇಡಂ ರಕ್ತ ಪರೀಕ್ಷೆ ಮಾಡಿಸಿದರು. ಜಾಂಡೀಸ್ ಇತ್ತು, ಆದರೆ ಚಿಕಿತ್ಸೆಗೆ ಅಂತ ವಿಶೇಷ ಬೆಳಕಿನ ಕೆಳಗೆ ಮಲಗಿಸುವಷ್ಟು ಇರಲಿಲ್ಲ. ಆಗ ಅವರು ಹೇಳಿದ ವಿಷಯ ನನಗೆ ತುಂಬಾ ಉಪಯೋಗಕ್ಕೆ ಬಂತು. ಸ್ವಲ್ಪ ಬೇಗ ಹುಟ್ಟಿದ ಮಕ್ಕಳು ಬೇಗ ಸುಸ್ತಾಗುತ್ತವೆ. ಜಾಂಡೀಸ್ ಇದ್ದರೆ ಇನ್ನೂ ಮಂಪರು. ಮಂಪರಿನಲ್ಲಿ ಹಾಲು ಕಡಿಮೆ ಕುಡಿಯುತ್ತವೆ. ಹಾಲು ಕಡಿಮೆಯಾದರೆ ಮಲ ಕಡಿಮೆ. ಆ ಹಳದಿ ಅಂಶ ಹೊರಗೆ ಹೋಗುವುದೇ ಹೆಚ್ಚಾಗಿ ಮಲದಲ್ಲಿ. ಅಂದರೆ ಒಂದಕ್ಕೊಂದು ಕೊಂಡಿ. ‘ಹುಟ್ಟಿದಾಗಿನ ತೂಕ ವಾಪಸ್ ಬರೋವರೆಗೂ ಮಗು ತಾನಾಗಿ ಏಳಲಿ ಅಂತ ಕಾಯಬೇಡಿ. ಒಂದ್ಸಲ ಕುಡಿದು ಮೂರು ಗಂಟೆ ದಾಟೋಕೆ ಬಿಡದೆ ಎಬ್ಬಿಸಿ ಕುಡಿಸಿ’ ಅಂದರು.

ಮಲಗಿದ ಮಗುವನ್ನು ಎಬ್ಬಿಸುವುದು ಅಂದರೆ ನಮ್ಮಮ್ಮನಿಗೆ ಸಂಕಟ. ‘ಮಲಗಿರೋ ಕೂಸನ್ನ ಯಾರಾದ್ರೂ ಎಬ್ಬಿಸ್ತಾರೇನೇ?’ ಅನ್ನುತ್ತಿದ್ದರು. ಆದರೆ ಎಬ್ಬಿಸಿ ಸರಿಯಾಗಿ ಕುಡಿಸಿದ ಮೇಲೆ ಬರುವ ನಿದ್ದೆ ಬೇರೆ ಥರ ಇರುತ್ತದೆ ಅಂತ ಸ್ವಲ್ಪ ದಿನಕ್ಕೆ ಅವರಿಗೇ ಕಾಣಿಸಿತು. ಹೊದಿಕೆ ತೆಗೆಯುವುದು, ಬಟ್ಟೆ ಬದಲಾಯಿಸುವುದು, ಅಂಗಾಲು ಮೆಲ್ಲಗೆ ಉಜ್ಜುವುದು, ಬರೀ ಮೈಯಲ್ಲಿ ನನ್ನ ಎದೆಗೆ ಒರಗಿಸಿಕೊಳ್ಳುವುದು. ಇಷ್ಟರಲ್ಲಿ ಅವಳು ಬಾಯಿ ಆಡಿಸಲು ಶುರು ಮಾಡುತ್ತಿದ್ದಳು.

ಹೊಸದಾಗಿ ಹುಟ್ಟಿದ ಮಗು ರಾತ್ರಿ ಏಳುವುದು ರೋಗವಲ್ಲ. ಮೊದಲ ದಿನ ಅದು ಒಂದು ಸಲಕ್ಕೆ ಕುಡಿಯುವುದು ಸುಮಾರು ಒಂದು ಚಮಚ, 5 ಮಿ.ಲೀ. ಆಸುಪಾಸು. ಹತ್ತು ದಿನದ ಹೊತ್ತಿಗೆ 45ರಿಂದ 60 ಮಿ.ಲೀ. ಎದೆಹಾಲು ಬೇಗ ಜೀರ್ಣವಾಗುತ್ತದೆ. ಹಾಗಾಗಿ 24 ಗಂಟೆಯಲ್ಲಿ 8ರಿಂದ 12 ಸಲ ಕುಡಿಯುವುದು ಸಹಜ. ಹಗಲು ರಾತ್ರಿ ಅನ್ನುವ ಭೇದ ಆ ಮೈಗೆ ಇನ್ನೂ ತಿಳಿದಿರುವುದಿಲ್ಲ, ಅದು ಬರಲು ಎರಡು ಮೂರು ತಿಂಗಳು ಬೇಕು. ಇನ್ನೊಂದು ವಿಷಯ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನ್ ತಾಯಿಯ ಮೈಯಲ್ಲಿ ರಾತ್ರಿ ಹೊತ್ತು ಜಾಸ್ತಿ ಇರುತ್ತದೆ. ‘ರಾತ್ರಿ ಒಂದು ಬಾಟಲ್ ಡಬ್ಬಿ ಹಾಲು ಹಾಕಿಬಿಡು, ನೀನೂ ಮಲಗು’ ಅಂದವರಿಗೆ ನಾನು ಒಪ್ಪದೇ ಇದ್ದದ್ದು ಇದಕ್ಕೇ. ಮೊದಲ ವಾರಗಳಲ್ಲಿ ರಾತ್ರಿಯ ಹಾಲು ತಪ್ಪಿಸಿದರೆ ಎದೆಗೆ ಬೇಡಿಕೆ ಕಡಿಮೆ ಅಂತ ತಿಳಿಯುತ್ತದೆ, ಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ. ಆದರೆ ತೂಕ ನೋಡಿ ಡಾಕ್ಟರೇ ಡಬ್ಬಿ ಹಾಲು ಬರೆದುಕೊಟ್ಟರೆ ಅದು ಚಿಕಿತ್ಸೆ. ಹಾಗೆ ಕೊಡಬೇಕಾಗಿ ಬಂದ ತಾಯಂದಿರು ಸ್ವಲ್ಪವೂ ನೊಂದುಕೊಳ್ಳಬಾರದು.

ನಮ್ಮ ನಿಜವಾದ ಸಮಸ್ಯೆ ಮಗು ಎದೆ ಹಿಡಿಯುವ ರೀತಿಯಲ್ಲಿತ್ತು. ತೊಟ್ಟಿನ ತುದಿಯನ್ನಷ್ಟೇ ಹಿಡಿಯುತ್ತಿದ್ದಳು. ನನಗೆ ಕಣ್ಣಲ್ಲಿ ನೀರು ಬರುವಷ್ಟು ಉರಿ, ಅವಳಿಗೆ ಹಾಲು ಬರುತ್ತಿರಲಿಲ್ಲ. ತೋರಿಸಲು ಹೋದಾಗ ಅಲ್ಲಿದ್ದ ಹಿರಿಯ ಸಿಸ್ಟರ್ ಒಬ್ಬರು ಪಕ್ಕದಲ್ಲಿ ಕೂತು ಕಲಿಸಿದರು. ‘ದೊಡ್ಡ ಮಾವಿನಹಣ್ಣು ಕಚ್ಚಬೇಕಾದ್ರೆ ಬಾಯಿ ಎಷ್ಟು ತೆಗೀತೀಯಮ್ಮ? ಮಗುನೂ ಅಷ್ಟು ತೆಗೆಯೋವರೆಗೂ ಕಾಯಿ. ಅವಸರ ಮಾಡಬೇಡ’ ಅಂದರು.

ಅವರು ಹೇಳಿಕೊಟ್ಟಿದ್ದು ಹೀಗೆ. ನಾನು ಬೆನ್ನಿಗೆ ಆಸರೆ ಕೊಟ್ಟು ಕೂರಬೇಕು. ಮಗುವಿನ ಕಡೆ ಬಗ್ಗಬಾರದು, ಮಗುವನ್ನೇ ಎದೆಯ ಹತ್ತಿರ ತಂದುಕೊಳ್ಳಬೇಕು. ಮಗುವಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗಿರಬೇಕು, ಕಿವಿ, ಭುಜ, ಸೊಂಟ ಒಂದೇ ಸಾಲಿನಲ್ಲಿರಬೇಕು. ಕುತ್ತಿಗೆ ತಿರುಗಿಸಿಕೊಂಡು ನುಂಗುವುದು ನಮಗೇ ಕಷ್ಟ ಅಲ್ವಾ? ತೊಟ್ಟನ್ನು ಮಗುವಿನ ಮೇಲ್ದುಟಿಗೆ, ಮೂಗಿನ ಹತ್ತಿರ ತಾಗಿಸಬೇಕು. ಬಾಯಿ ಅಗಲವಾಗಿ ತೆರೆದ ಆ ಕ್ಷಣಕ್ಕೆ ಹತ್ತಿರ ಎಳೆದುಕೊಳ್ಳಬೇಕು. ಗದ್ದ ಮೊದಲು ತಾಗಬೇಕು. ಸರಿಯಾಗಿ ಹಿಡಿದಿದ್ದರೆ ಕೆಳತುಟಿ ಹೊರಗೆ ಮಡಚಿರುತ್ತದೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ಗಡೆ ಜಾಸ್ತಿ, ಕೆಳಗಡೆ ಕಡಿಮೆ ಕಾಣಿಸುತ್ತದೆ. ಮೊದಲು ಬೇಗಬೇಗ ಚೀಪಿ, ಆಮೇಲೆ ನಿಧಾನವಾಗಿ, ಗುಟುಕು ನುಂಗುವ ಸದ್ದು ಕೇಳಿಸುತ್ತದೆ. ಆ ಸದ್ದನ್ನು ಗುರುತಿಸಲು ಕಲಿತ ಮೇಲೆ ನನಗೆ ಅರ್ಧ ಧೈರ್ಯ ಬಂತು. ಸರಿಯಾಗಿ ಹಿಡಿದಿಲ್ಲ ಅನಿಸಿದರೆ ಹಾಗೇ ಎಳೆಯಬಾರದು. ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ಮೆಲ್ಲಗೆ ಇಟ್ಟು ಬಿಡಿಸಿ, ಮತ್ತೆ ಮೊದಲಿಂದ ಕೊಡಬೇಕು.

ಒಂದೇ ದಿನದಲ್ಲಿ ಆಗಲಿಲ್ಲ. ಮಗಳು ಅರ್ಧಕ್ಕೇ ನಿದ್ದೆ ಹೋದಾಗ ಎದೆಯನ್ನು ಕೈಯಿಂದ ಮೆಲ್ಲಗೆ ಒತ್ತಿ ಹಿಡಿಯುತ್ತಿದ್ದೆ. ಹಾಲು ಬಾಯಿಗೆ ಹರಿದಾಗ ಮತ್ತೆ ನುಂಗಲು ಶುರು ಮಾಡುತ್ತಿದ್ದಳು. ಒಡೆದ ತೊಟ್ಟಿಗೆ ಕುಡಿಸಿದ ಮೇಲೆ ಕೊನೆಯ ಹಾಲನ್ನೇ ಒಂದೆರಡು ಹನಿ ಸವರಿ, ಗಾಳಿಗೆ ಒಣಗಲು ಬಿಡುತ್ತಿದ್ದೆ. ಹಿಡಿತ ಸರಿಯಾದಂತೆ ಗಾಯ ತಾನಾಗಿ ಮಾಯಿತು.

ಆ ನಡುವೆ ಹಾಲು ಜೋರಾಗಿ ಇಳಿದು ಎದೆ ಕಲ್ಲಿನ ಹಾಗೆ ಕಟ್ಟಿಕೊಂಡಿತ್ತು. ಅಷ್ಟು ಗಟ್ಟಿಯಾದಾಗ ಮಗುವಿಗೆ ಬಾಯಿಗೆ ಸಿಗುವುದಿಲ್ಲ. ಕುಡಿಸುವ ಮುಂಚೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಟು, ಕೈಯಲ್ಲಿ ಸ್ವಲ್ಪ ಹಾಲು ತೆಗೆದು ಮೆತ್ತಗೆ ಮಾಡಿಕೊಳ್ಳುತ್ತಿದ್ದೆ. ಕುಡಿಸಿದ ಮೇಲೆ ತಣ್ಣನೆ ಬಟ್ಟೆ. ಕೈಯಲ್ಲಿ ತೆಗೆಯುವಾಗ ತೊಟ್ಟನ್ನು ಹಿಂಡಬಾರದು. ಅದರಿಂದ ಒಂದೂವರೆ ಇಂಚು ಹಿಂದೆ ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ ಇಟ್ಟು, ಎದೆಗೂಡಿನ ಕಡೆಗೆ ಒತ್ತಿ ಆಮೇಲೆ ಅದುಮಬೇಕು. ತೆಗೆದ ಹಾಲನ್ನು ಅಮ್ಮ ಒಳಲೆಯಲ್ಲಿ, ಅಂದರೆ ಮೂತಿ ಇರುವ ಪುಟ್ಟ ಬಟ್ಟಲಿನಲ್ಲಿ, ಕುಡಿಸುತ್ತಿದ್ದರು. ನಾನು ಕೂಸಾಗಿದ್ದಾಗ ಬಳಸಿದ ಬೆಳ್ಳಿ ಒಳಲೆ ಅದು. ಪ್ರತಿ ಸಲ ಕುದಿಸಿ ತೊಳೆಯುತ್ತಿದ್ದರು. ಮಗುವಿನ ತಲೆ ಎತ್ತಿ ಹಿಡಿದು, ತುಟಿಗೆ ತಾಗಿಸಿ, ಅವಳೇ ಹೀರಿಕೊಳ್ಳಲು ಬಿಟ್ಟು ನಿಧಾನವಾಗಿ ಕೊಡಬೇಕು. ಬಾಟಲಿಗಿಂತ ತೊಳೆಯುವುದು ಸುಲಭ, ಎದೆ ಹಿಡಿಯುವ ಅಭ್ಯಾಸವೂ ಕೆಡುವುದಿಲ್ಲ. ನಮ್ಮ ಹಳೆಯ ವಸ್ತುಗಳಲ್ಲಿ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ ಅಂತ ನನಗನಿಸುತ್ತದೆ.

ಈಗ ಲೆಕ್ಕದ ವಿಷಯ. ಎದೆಹಾಲು ಎಷ್ಟು ಹೋಯಿತು ಅಂತ ಅಳೆಯಲು ಆಗುವುದಿಲ್ಲ. ಹೊರಗೆ ಬರುವುದನ್ನು ಎಣಿಸಬಹುದು. ಐದನೇ ದಿನದ ನಂತರ ಮಗು ದಿನಕ್ಕೆ 6 ಸಲ ಅಥವಾ ಅದಕ್ಕಿಂತ ಹೆಚ್ಚು ಮೂತ್ರ ಮಾಡಬೇಕು, ಅದು ತಿಳಿ ಬಣ್ಣದ್ದಾಗಿರಬೇಕು. ಕಪ್ಪು ಮಲ ಹೋಗಿ ಹಳದಿ ಬಣ್ಣಕ್ಕೆ ತಿರುಗಿರಬೇಕು. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಬರಬೇಕು, ಆಮೇಲೆ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ಈ ಲೆಕ್ಕಕ್ಕಾಗಿ ನಾವು ಹಗಲು ಡೈಪರ್ ಬಿಟ್ಟು ಹಳೆಯ ಹತ್ತಿ ಸೀರೆಯ ಲಂಗೋಟಿ ಕಟ್ಟಿದೆವು. ಒದ್ದೆಯಾದದ್ದು ತಕ್ಷಣ ಗೊತ್ತಾಗುತ್ತದೆ. ಗೋಡೆಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಅಪ್ಪ ಗೆರೆ ಎಳೆಯುತ್ತಿದ್ದರು. ಊರಿನ ಆಶಾ ಕಾರ್ಯಕರ್ತೆ ತಕ್ಕಡಿ ತಂದು ತೂಕ ನೋಡಿ ಬರೆದುಕೊಳ್ಳುತ್ತಿದ್ದರು. ಆಸ್ಪತ್ರೆಯಲ್ಲಿ ಹೆರಿಗೆ ಆದವರ ಮನೆಗೆ ಅವರು 3, 7, 14, 21, 28 ಮತ್ತು 42ನೇ ದಿನ ಬರುವ ವ್ಯವಸ್ಥೆ ಇದೆ. ಬರದಿದ್ದರೆ ಕೇಳಿ ಕರೆಸಿಕೊಳ್ಳಿ. ಯಾರಾದರೂ ಹಾಲು ಸಾಲದು ಅಂದಾಗ ಅಪ್ಪ ಕ್ಯಾಲೆಂಡರ್ ತೋರಿಸಿ ‘ನೋಡಿ, ನಿನ್ನೆ ಏಳು ಗೆರೆ’ ಅನ್ನುತ್ತಿದ್ದರು. ನನ್ನ ಪರವಾಗಿ ಅವರು ಹಾಗೆ ನಿಂತದ್ದನ್ನು ನಾನು ಮರೆಯುವುದಿಲ್ಲ.

ಮನೆಯ ಹಿರಿಯರ ಪದ್ಧತಿಗಳನ್ನು ಪೂರ್ತಿ ಬಿಡಲಿಲ್ಲ, ಪೂರ್ತಿ ಒಪ್ಪಲೂ ಇಲ್ಲ. ಸಬ್ಬಸಿಗೆ ಸೊಪ್ಪು, ಮೆಂತೆ, ಬೆಳ್ಳುಳ್ಳಿ ಹಾಕಿದ ಬಿಸಿಬಿಸಿ ಊಟ ಖುಷಿಯಿಂದ ಉಂಡೆ. ಬಾಣಂತಿ ನೀರು ಕುಡಿಯಬಾರದು ಅನ್ನುವುದನ್ನು ಮಾತ್ರ ಕೇಳಲಿಲ್ಲ. ಪ್ರತಿ ಸಲ ಕುಡಿಸಲು ಕೂತಾಗ ಪಕ್ಕದಲ್ಲಿ ಒಂದು ಚೊಂಬು ನೀರು ಇರುತ್ತಿತ್ತು. ಮಗುವಿಗೆ ಜೇನುತುಪ್ಪ, ಸಕ್ಕರೆ ನೀರು, ಬಜೆ, ಗ್ರೈಪ್ ವಾಟರ್ ಯಾವುದೂ ಬೇಡ ಅಂದೆವು. ಜೇನುತುಪ್ಪದಿಂದ ಬಾಟುಲಿಸಂ ಅನ್ನುವ ಅಪಾಯಕಾರಿ ಕಾಯಿಲೆ ಬರಬಹುದು, ಹಾಗಾಗಿ ಒಂದು ವರ್ಷದವರೆಗೆ ಕೊಡಬಾರದು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಡಾಕ್ಟರ್ ಬರೆದ ವಿಟಮಿನ್ ಡಿ ಹನಿ ಮಾತ್ರ ಕೊಟ್ಟೆವು. ಸಾಂಬ್ರಾಣಿ ಹೊಗೆ ಮಗುವಿನ ಎದೆಗೆ ಒಳ್ಳೆಯದಲ್ಲ ಅಂದದ್ದಕ್ಕೆ, ಅಮ್ಮ ಹಿಂದಿನ ಕೋಣೆಯಲ್ಲಿ ನನ್ನ ತಲೆಗೂದಲಿಗೆ ಮಾತ್ರ ಹಾಕಿ ಸಮಾಧಾನ ಪಟ್ಟರು.

ಹಾಲಿನದ್ದು ಒಂದು ದಾರಿಗೆ ಬಂದ ಮೇಲೆ ರಾತ್ರಿಯ ಕಡೆ ಗಮನ ಕೊಟ್ಟೆವು. ಸಂಜೆ ಆರರಿಂದ ಹತ್ತರವರೆಗೆ ಮಗಳು ಬಿಟ್ಟು ಬಿಟ್ಟು ಕುಡಿಯುತ್ತಲೇ ಇರುತ್ತಿದ್ದಳು. ಬಹಳ ಮಕ್ಕಳು ಹೀಗೇ. ಅದನ್ನು ತಡೆಯಲು ಹೋಗದೆ ಸಂಜೆ ನನಗೆ ಬೇರೆ ಕೆಲಸವೇ ಇಲ್ಲದ ಹಾಗೆ ಮಾಡಿಕೊಂಡೆವು. ಊಟ ಆರೂವರೆಗೇ. ರಾತ್ರಿ ಕೋಣೆಯಲ್ಲಿ ಸಣ್ಣ ದೀಪ, ಮಾತಿಲ್ಲ, ಮೊಬೈಲ್ ಇಲ್ಲ. ಹಗಲು ಕಿಟಕಿ ತೆಗೆದು ಬೆಳಕು, ಮನೆಯ ಮಾಮೂಲಿ ಸದ್ದು.

ನನ್ನವರು ವಾರದ ಕೊನೆಗೆ ಬರುತ್ತಿದ್ದರು, ಆಮೇಲೆ ಕೆಲವು ವಾರ ರಜೆ ಹಾಕಿ ಅಲ್ಲೇ ಉಳಿದರು. ಹಾಲು ಕುಡಿಸುವುದೊಂದು ಬಿಟ್ಟು ಉಳಿದದ್ದೆಲ್ಲ ಬೇರೆಯವರು ಮಾಡಬಹುದು. ಮಗುವನ್ನು ಎತ್ತಿ ನನ್ನ ಕೈಗೆ ಕೊಡುವುದು, ಭುಜಕ್ಕೆ ಹಾಕಿಕೊಂಡು ತೇಗು ಬರಿಸುವುದು, ಬಟ್ಟೆ ಬದಲಾಯಿಸಿ ಮಲಗಿಸುವುದು ಅವರ ಪಾಲಾಯಿತು. ‘ರೀ, ಎತ್ಕೊಳ್ರಿ’ ಅಂದು ನಾನು ಹಾಗೇ ಪಕ್ಕಕ್ಕೆ ತಿರುಗಿ ಮಲಗುತ್ತಿದ್ದೆ. ಬೆಳಗಿನ ಜಾವದ ಹಾಲು ಮುಗಿದ ಕೂಡಲೇ ಅಮ್ಮ ಮಗುವನ್ನು ಎತ್ತಿಕೊಂಡು ಹೊರಗೆ ಹೋಗುತ್ತಿದ್ದರು. ಮುಂದಿನ ಹಾಲಿನವರೆಗೆ ಯಾರೂ ನನ್ನನ್ನು ಎಬ್ಬಿಸುತ್ತಿರಲಿಲ್ಲ. ಆ ಒಂದು ನಿದ್ದೆಯಿಂದ ಇಡೀ ದಿನ ನಡೆಯುತ್ತಿತ್ತು.

ಇನ್ನೊಂದು ಸಂಗತಿ ಗಮನಿಸಿದೆವು. ಹಸುಗೂಸು ನಿದ್ದೆಯಲ್ಲೇ ಮುಲುಗುತ್ತದೆ, ಮುಖ ಕಿವುಚುತ್ತದೆ, ಕೈಕಾಲು ಆಡಿಸುತ್ತದೆ. ಅದರ ಅರ್ಧದಷ್ಟು ನಿದ್ದೆ ಇಂಥದ್ದೇ. ಸದ್ದು ಬಂದ ತಕ್ಷಣ ಎತ್ತದೆ ಸ್ವಲ್ಪ ನೋಡುತ್ತಿದ್ದೆವು. ಎಷ್ಟೋ ಸಲ ತಾನಾಗಿ ಮತ್ತೆ ಮಲಗುತ್ತಿದ್ದಳು. ತಲೆ ತಿರುಗಿಸಿ ಬಾಯಿ ತೆರೆದು ಹುಡುಕಿದರೆ, ಕೈ ಬಾಯಿಗೆ ಒಯ್ದರೆ ಅದು ಹಸಿವು. ಜೋರಾಗಿ ಅಳುವವರೆಗೆ ಕಾಯಬಾರದು, ಅತ್ತ ಮಗು ಎದೆ ಹಿಡಿಯುವುದು ಕಷ್ಟ.

ಮಲಗಿಸುವುದು ಯಾವಾಗಲೂ ಅಂಗಾತ, ನಮ್ಮ ಕೋಣೆಯಲ್ಲೇ, ಸಮತಟ್ಟಾದ ಹಾಸಿಗೆಯ ಮೇಲೆ. ಸಾಸಿವೆ ದಿಂಬು, ದಪ್ಪ ಹೊದಿಕೆ ಏನೂ ಹತ್ತಿರ ಇಡುತ್ತಿರಲಿಲ್ಲ. ಪಕ್ಕಕ್ಕೆ ಮಲಗಿಕೊಂಡು ಕುಡಿಸುವುದನ್ನು ಕಲಿತ ಮೇಲೆ ಬೆನ್ನುನೋವು ಕಡಿಮೆಯಾಯಿತು. ಆದರೆ ಆಗ ಇನ್ನೊಬ್ಬರು ಎಚ್ಚರವಿದ್ದು, ಮುಗಿದ ಮೇಲೆ ಮಗುವನ್ನು ಅವಳ ಜಾಗಕ್ಕೆ ಹಾಕಬೇಕು ಅನ್ನುವುದು ಮನೆಯ ನಿಯಮ.

ಕೆಲವಕ್ಕೆ ಬೆಳಗಾಗುವವರೆಗೂ ಕಾಯಬಾರದು. ಮಗು ಹಾಲೇ ಬೇಡ ಅಂದರೆ, ಎಬ್ಬಿಸಿದರೂ ಏಳದಿದ್ದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಥವಾ ಮೈ ತಣ್ಣಗಾದರೆ, ನಿಮಿಷಕ್ಕೆ 60 ಸಲ ಅಥವಾ ಅದಕ್ಕಿಂತ ಹೆಚ್ಚು ಉಸಿರಾಡಿದರೆ, ಉಸಿರೆಳೆಯುವಾಗ ಎದೆ ಒಳಕ್ಕೆ ಸೆಳೆದುಕೊಂಡರೆ, ಅಂಗೈ ಅಂಗಾಲು ಹಳದಿಯಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ತಾಯಿಗೆ ಜ್ವರ ಬಂದು ಎದೆಯ ಒಂದು ಭಾಗ ಕೆಂಪಾಗಿ ನೋಯುತ್ತಿದ್ದರೂ ತೋರಿಸಬೇಕು. ಆಗಲೂ ಸಾಮಾನ್ಯವಾಗಿ ಹಾಲು ಕುಡಿಸುವುದನ್ನು ನಿಲ್ಲಿಸುವ ಅಗತ್ಯವಿಲ್ಲ.

ಮನಸ್ಸಿನ ವಿಷಯವೂ ಹೇಳಲೇಬೇಕು. ಮೊದಲ ವಾರ ಕಾರಣವಿಲ್ಲದೆ ಅಳು ಬರುತ್ತಿತ್ತು. ನನಗದು ತಾನಾಗಿ ಕಡಿಮೆಯಾಯಿತು. ಎರಡು ವಾರ ದಾಟಿದರೂ ಹೋಗದಿದ್ದರೆ, ಮಗು ಮಲಗಿದ್ದಾಗಲೂ ನಿದ್ದೆ ಬರದಿದ್ದರೆ, ಕೆಟ್ಟ ಯೋಚನೆಗಳು ಬರುತ್ತಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ.

ಮೂರು ತಿಂಗಳು ತುಂಬುವ ಹೊತ್ತಿಗೆ ರಾತ್ರಿಯ ಮೊದಲ ನಿದ್ದೆ ಉದ್ದವಾಯಿತು. ನಡುವೆ ಆರನೇ ವಾರದಲ್ಲಿ ಕೆಲವು ದಿನ ಮತ್ತೆ ಗಂಟೆಗೊಮ್ಮೆ ಎದ್ದಳು. ಬೆಳವಣಿಗೆ ಜೋರಿರುವಾಗ ಹಾಗಾಗುತ್ತದೆ. ಕೇಳಿದಾಗಲೆಲ್ಲ ಕುಡಿಸಿದೆ, ತಾನಾಗಿ ಸರಿಹೋಯಿತು. ಈಗ ನನ್ನ ಚಿಕ್ಕಮ್ಮನ ಮಗಳಿಗೆ ದಿನ ತುಂಬುತ್ತಿದೆ. ಅವಳಿಗೆ ಎರಡೇ ಕೆಲಸ ಹೇಳಿದ್ದೇನೆ. ಆಸ್ಪತ್ರೆಯಿಂದ ಹೊರಡುವ ಮುಂಚೆ ಸಿಸ್ಟರ್ ಎದುರಿಗೇ ಮಗುವಿಗೆ ಹಾಲು ಕುಡಿಸಿ, ಹಿಡಿತ ಸರಿಯಿದೆಯಾ ಅಂತ ನೋಡಿಸಿಕೊಳ್ಳಬೇಕು. ರಾತ್ರಿ ಯಾರು ಯಾವ ಹೊತ್ತಿಗೆ ಏಳುವುದು ಅಂತ ಗಂಡ, ಅಮ್ಮ, ಅತ್ತೆ ಮೂವರ ಹತ್ತಿರವೂ ಈಗಲೇ ಮಾತಾಡಿ ಇಟ್ಟುಕೊಳ್ಳಬೇಕು.