ಮುನ್ನೂರು ವರ್ಷದ ಹಿಂದಿನ ಕ್ವೇಕರ್ ರೈತನ ಮನೆತನ ಹುಡುಕುವುದು ಹೇಗೆ?

ಮಗಳು ಅಮೆರಿಕದಲ್ಲಿದ್ದಾಳೆ, ಅಳಿಯ ಪೆನ್ಸಿಲ್ವೇನಿಯಾದ ಹಳ್ಳಿ ಕಡೆಯ ಹುಡುಗ. ಬೀಗರ ಮನೆಯಲ್ಲಿ ಊಟಕ್ಕೆ ಕೂತಾಗ ‘ನಮ್ಮ ಹಿರಿಯರು ಕ್ವೇಕರರಂತೆ’ ಎಂಬ ಮಾತು ಬಂತು ಅಂದುಕೊಳ್ಳಿ. ಅದನ್ನು ಸುಮ್ನೆ ಬಿಡಬೇಡಿ. ಮೊಮ್ಮಕ್ಕಳಿಗೆ ಆ ಕಡೆಯ ವಂಶಾವಳಿ ಬರೆದುಕೊಡಲು ಇದಕ್ಕಿಂತ ಒಳ್ಳೆ ದಾರಿ ಸಿಗುವುದು ಅಪರೂಪ. ಕ್ವೇಕರರು ಪಾದ್ರಿ ಇಲ್ಲದೆ ಮೌನವಾಗಿ ಕೂತು ಪ್ರಾರ್ಥಿಸುವ ಒಂದು ಕ್ರೈಸ್ತ ಪಂಥದ ಜನ. ಆದರೆ ಬರೆದಿಡುವುದರಲ್ಲಿ ಮಾತ್ರ ಅವರು ಮೌನಿಗಳಲ್ಲ. ಹುಟ್ಟು, ಸಾವು, ಮದುವೆ, ಊರು ಬಿಟ್ಟದ್ದು, ತಪ್ಪು ಮಾಡಿದ್ದು, ಎಲ್ಲವನ್ನೂ ಬರೆದಿಟ್ಟಿದ್ದಾರೆ.

ಹುಡುಕುವ ಬಗೆ ತಿಳಿಯಲು ಒಂದು ಮನೆತನವನ್ನೇ ಹಿಡಿಯೋಣ. ಕೆಂಟಕಿಯ ಕಾಡುಗಳಲ್ಲಿ ದಾರಿ ಮಾಡಿದ ಡೇನಿಯಲ್ ಬೂನ್ ಹೆಸರು ಕೆಲವರಿಗೆ ಗೊತ್ತಿರಬಹುದು. ನಮಗೆ ಬೇಕಾದವರು ಅವನ ಅಜ್ಜ ಜಾರ್ಜ್ ಮತ್ತು ಅಪ್ಪ ಸ್ಕ್ವೈರ್. ಸ್ಕ್ವೈರ್ ಅನ್ನುವುದು ಇಲ್ಲಿ ಬಿರುದಲ್ಲ, ಇಟ್ಟ ಹೆಸರು. ಮುಂದೆ ಅವನ ಒಬ್ಬ ಮಗನಿಗೂ ಅದೇ ಹೆಸರು ಬಂತು. ಹಾಗಾಗಿ ಹೆಸರು ಸಿಕ್ಕ ಕೂಡಲೇ ಕುಣಿಯಬೇಡಿ, ಇಸವಿ ನೋಡಿ.

ಮೊದಲ ಹೆಜ್ಜೆ: ಸಭೆಯನ್ನು ಹಿಡಿಯಿರಿ

ಕ್ವೇಕರರ ದಾಖಲೆ ಇರುತ್ತಿದ್ದುದು ಅವರ ‘ಮಾಸಿಕ ಸಭೆ’ಯಲ್ಲಿ. ಸುತ್ತಲಿನ ಕೆಲವು ಹಳ್ಳಿಗಳವರು ತಿಂಗಳಿಗೊಮ್ಮೆ ಸೇರಿ ವ್ಯವಹಾರ ನೋಡುತ್ತಿದ್ದ ಕೂಟ ಅದು. ಊರು ಬಿಟ್ಟು ಬೇರೆಡೆಗೆ ಹೋಗುವವರು ಹಳೆಯ ಸಭೆಯಿಂದ ಒಂದು ಪತ್ರ ತಂದು ಹೊಸ ಸಭೆಗೆ ಕೊಡಬೇಕಿತ್ತು. ಇವರು ಒಳ್ಳೆಯ ನಡತೆಯವರು ಎಂದು ಹೇಳುವ ಪತ್ರ.

ಜಾರ್ಜ್ ಬೂನ್ ಇಂಗ್ಲೆಂಡಿನ ಡೆವನ್ ಸೀಮೆಯ ಬ್ರಾಡ್‌ನಿಂಚ್ ಊರಿನ ನೇಕಾರ. ದೊಡ್ಡ ಮಕ್ಕಳಲ್ಲಿ ಮೂವರನ್ನು ಮೊದಲೇ ಕಳಿಸಿ, 1717ರಲ್ಲಿ ಉಳಿದವರೊಂದಿಗೆ ಫಿಲಡೆಲ್ಫಿಯಾದಲ್ಲಿ ಇಳಿದ. ಡೆವನ್‌ನ ಕಲಂಪ್ಟನ್ ಸಭೆ ಕೊಟ್ಟ ಪತ್ರವನ್ನು ಪೆನ್ಸಿಲ್ವೇನಿಯಾದ ಗ್ವಿನೆಡ್ ಸಭೆಯ ಮುಂದೆ ಇಟ್ಟ. ಇಂಥ ಒಂದು ಪತ್ರ ಸಿಕ್ಕರೆ ಸಮುದ್ರದ ಎರಡು ದಡವೂ ಕೈಗೆ ಸಿಕ್ಕಂತೆ.

ಪೆನ್ಸಿಲ್ವೇನಿಯಾದ ಹಳೆಯ ಸಭೆಗಳ ಪುಸ್ತಕಗಳು ಹೆಚ್ಚಾಗಿ ಸ್ವಾರ್ಥ್‌ಮೋರ್ ಮತ್ತು ಹ್ಯಾವರ್‌ಫರ್ಡ್ ಕಾಲೇಜುಗಳ ಸಂಗ್ರಹದಲ್ಲಿವೆ. ಮನೆಯಲ್ಲೇ ಕೂತು ಹುಡುಕುವುದಾದರೆ ಫ್ಯಾಮಿಲಿಸರ್ಚ್ ತಾಣದಿಂದ ಶುರು ಮಾಡಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಎರಡನೆಯದು: ತಿಂಗಳ ಲೆಕ್ಕ

ಬಹಳ ಜನ ಎಡವುವುದು ಇಲ್ಲೇ. ತಿಂಗಳ ಹೆಸರುಗಳಲ್ಲಿ ಹಳೆಯ ರೋಮನ್ ದೇವರುಗಳಿವೆ ಎಂದು ಕ್ವೇಕರರು ಅವನ್ನು ಬಳಸುತ್ತಿರಲಿಲ್ಲ. ‘ಏಳನೇ ತಿಂಗಳು’, ‘ಎಂಟನೇ ತಿಂಗಳು’ ಎಂದು ಅಂಕೆಯಲ್ಲೇ ಬರೆಯುತ್ತಿದ್ದರು. ಆಗ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಯುಗಾದಿಗೆ ವರ್ಷ ಶುರು ಮಾಡುವ ನಮಗೆ ಇದು ಬೇಗ ಅರ್ಥವಾಗುತ್ತದೆ, ಅಲ್ವಾ? ಮಾರ್ಚ್ ಮೊದಲ ತಿಂಗಳಾದರೆ ಏಳನೆಯದು ಸೆಪ್ಟೆಂಬರ್.

ಸ್ಕ್ವೈರ್ ಬೂನ್ ಮತ್ತು ಸಾರಾ ಮಾರ್ಗನ್ ಮದುವೆಯಾದದ್ದು 1720ರ ಏಳನೇ ತಿಂಗಳ 23ರಂದು. ಎಷ್ಟೋ ವಂಶವೃಕ್ಷಗಳಲ್ಲಿ ಇದು ಜುಲೈ 23 ಎಂದು ಕೂತುಬಿಟ್ಟಿದೆ. ಅದು ಸೆಪ್ಟೆಂಬರ್ 23. ಮಗ ಡೇನಿಯಲ್ ಹುಟ್ಟಿದ್ದು 1734ರ ಎಂಟನೇ ತಿಂಗಳ 22, ಅಂದರೆ ಅಕ್ಟೋಬರ್ 22. ಈಗಿನ ಕ್ಯಾಲೆಂಡರಿಗೆ ತರಲು ಇನ್ನೂ 11 ದಿನ ಸೇರಿಸಿ, ನವೆಂಬರ್ 2 ಆಗುತ್ತದೆ. 1752ರಲ್ಲಿ ವರ್ಷದ ಶುರು ಜನವರಿಗೆ ಬಂತು, ಕ್ಯಾಲೆಂಡರೂ ಬದಲಾಯಿತು. ಅಲ್ಲಿಂದ ಮುಂದೆ ಏಳನೇ ತಿಂಗಳು ಎಂದರೆ ಜುಲೈ ತಾನೇ. ಟಿಪ್ಪಣಿ ಮಾಡುವಾಗ ಮೂಲದಲ್ಲಿದ್ದ ಅಂಕೆಯನ್ನೇ ಮೊದಲು ಬರೆದುಕೊಂಡು, ನಿಮ್ಮ ಲೆಕ್ಕವನ್ನು ಪಕ್ಕದಲ್ಲಿ ಹಾಕಿ.

ಮದುವೆ ಪತ್ರ

ಕ್ವೇಕರ್ ಮದುವೆಯಲ್ಲಿ ಪುರೋಹಿತರಿಲ್ಲ. ಹುಡುಗ ಹುಡುಗಿ ಮೊದಲು ಮಾಸಿಕ ಸಭೆಗೆ ಬಂದು ಮದುವೆಯಾಗುವ ಮನಸ್ಸಿದೆ ಎಂದು ಹೇಳಬೇಕು. ಬೇರೆ ಸಂಬಂಧದ ತೊಡಕು ಇದೆಯೇ ಎಂದು ಸಭೆಯವರು ವಿಚಾರಿಸುತ್ತಾರೆ. ಮದುವೆಯ ದಿನ ಇಬ್ಬರೂ ಎಲ್ಲರೆದುರು ಎದ್ದು ನಿಂತು ಮಾತು ಕೊಡುತ್ತಾರೆ. ಆಮೇಲೆ ಪತ್ರ ಓದಿ, ಬಂದವರು ಸಹಿ ಹಾಕುತ್ತಾರೆ. ಗಂಡಸರು, ಹೆಂಗಸರು, ಅಕ್ಕಪಕ್ಕದ ರೈತರು, ಅತ್ತೆ, ಚಿಕ್ಕಪ್ಪ. ಆ ಕಾಲದ ಹೆಂಗಸರ ಹೆಸರು ಹೀಗೆ ಸಾಲಾಗಿ ಸಿಗುವುದು ಬೇರೆ ಕಡೆ ತುಂಬ ಕಡಿಮೆ. ಹತ್ತಿರದ ನೆಂಟರು ಸಾಮಾನ್ಯವಾಗಿ ಮದುಮಕ್ಕಳ ಸಹಿಯ ಕೆಳಗೆ ಒಂದೇ ಸಾಲಿನಲ್ಲಿ ಇರುತ್ತಾರೆ. ಆ ಸಾಲನ್ನು ಪೂರ್ತಿ ನಕಲು ಮಾಡಿಕೊಳ್ಳಿ, ಒಂದು ಹೆಸರನ್ನೂ ಬಿಡಬೇಡಿ.

ಸಭೆಯ ನಡಾವಳಿ ಓದಿ

ಹುಟ್ಟು ಸಾವಿನ ಪಟ್ಟಿ ಸಿಕ್ಕ ಮೇಲೆ ಹೆಚ್ಚಿನವರು ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ. ಮನುಷ್ಯರು ಕಾಣಿಸುವುದು ನಡಾವಳಿ ಪುಸ್ತಕದಲ್ಲಿ.

ಸ್ಕ್ವೈರ್ 1730ರಲ್ಲಿ ಓಲಿ ಪ್ರದೇಶದಲ್ಲಿ 250 ಎಕರೆ ಕೊಂಡ. ನೇಯ್ಗೆ, ಕಮ್ಮಾರಿಕೆ, ಬೇಸಾಯ ಮೂರೂ ಮಾಡುತ್ತಿದ್ದ. ಊರಲ್ಲಿ ಮರ್ಯಾದೆ ಇತ್ತು. 1742ರಲ್ಲಿ ದೊಡ್ಡ ಮಗಳು ಸಾರಾ ಕ್ವೇಕರನಲ್ಲದ ಜಾನ್ ವಿಲ್ಕಾಕ್ಸನ್‌ನನ್ನು ಮದುವೆಯಾದಳು. ಸಭೆ ಅಪ್ಪನನ್ನು ಕೇಳಿತು. ಅವರಿಬ್ಬರ ಒಡನಾಟ ಮೊದಲೇ ಜಾಸ್ತಿಯಾಗಿತ್ತು, ಏನು ಮಾಡಬೇಕೆಂದು ತೋಚದೆ ಇಕ್ಕಟ್ಟಿಗೆ ಸಿಲುಕಿದ್ದೆ ಎಂದು ಸ್ಕ್ವೈರ್ ಒಪ್ಪಿಕೊಂಡ. ಬರಹಗಾರ ಅದನ್ನು ಹಾಗೇ ಬರೆದುಕೊಂಡ. ಬೆಳೆದ ಮಗಳ ಅಪ್ಪನೊಬ್ಬ ನೆರೆಹೊರೆಯವರ ಮುಂದೆ ನಿಂತು ಹೇಳಿದ ಈ ಮಾತನ್ನು ಯಾವ ಜನನ ದಾಖಲೆಯೂ ಕೊಡಲಾರದು.

ಐದು ವರ್ಷದ ಮೇಲೆ ಮಗ ಇಸ್ರೇಲನೂ ಹೊರಗಿನ ಹುಡುಗಿಯನ್ನು ಮದುವೆಯಾದ. ಈ ಸಲ ಸ್ಕ್ವೈರ್ ತಪ್ಪೊಪ್ಪಿಕೊಳ್ಳಲಿಲ್ಲ. 1748ರಲ್ಲಿ ಸಭೆ ಅವನನ್ನು ಹೊರಗೆ ಹಾಕಿತು. ಹಾಗಾಗಿ ನಿಮ್ಮ ಮನೆತನದವರ ಹೆಸರು ಕ್ವೇಕರ್ ಪುಸ್ತಕದಿಂದ ತಟ್ಟನೆ ಮಾಯವಾದರೆ ಸತ್ತರೆಂದು ಬರೆಯಬೇಡಿ. ಹಿಂದಿನ ಐದಾರು ವರ್ಷದ ನಡಾವಳಿ ತಿರುವಿ ಹಾಕಿ.

ಜಮೀನು

ಇದು ನಮ್ಮ ಅರ್ಜಿ, ಸರ್ವೆ, ಹಕ್ಕುಪತ್ರದ ಸಾಲಿನಂತೆಯೇ ಇದೆ. ಪೆನ್ಸಿಲ್ವೇನಿಯಾದಲ್ಲಿ ಮೊದಲು ವಾರಂಟ್ (ಜಮೀನು ಅಳೆಯಲು ಅಪ್ಪಣೆ), ಆಮೇಲೆ ಸರ್ವೆ, ಕೊನೆಗೆ ಪೇಟೆಂಟ್ (ಹಕ್ಕುಪತ್ರ). ಮೂರೂ ಹ್ಯಾರಿಸ್‌ಬರ್ಗಿನ ರಾಜ್ಯ ದಾಖಲಾಲಯದಲ್ಲಿವೆ. ಒಂದು ಎಚ್ಚರ: ಬೂನ್‌ಗಳಿದ್ದ ಎಕ್ಸೆಟರ್ (ಮೊದಲು ಓಲಿ ಪ್ರದೇಶದ ಭಾಗ) ಈಗ ಬರ್ಕ್ಸ್ ಜಿಲ್ಲೆಯಲ್ಲಿದೆ. ಆದರೆ ಆ ಜಿಲ್ಲೆ ಹುಟ್ಟಿದ್ದೇ 1752ರಲ್ಲಿ. ಅದಕ್ಕೂ ಹಿಂದಿನ ಉಯಿಲುಗಳನ್ನು ಫಿಲಡೆಲ್ಫಿಯಾ ಜಿಲ್ಲೆಯಲ್ಲಿ ಹುಡುಕಬೇಕು.

ಸಮಾಧಿ

ಅಜ್ಜ ಜಾರ್ಜ್ 1744ರಲ್ಲಿ ತೀರಿಕೊಂಡಾಗ 8 ಮಕ್ಕಳು, 52 ಮೊಮ್ಮಕ್ಕಳು, 10 ಮರಿಮಕ್ಕಳು ಇದ್ದರು ಎಂದು ಮನೆತನದವರೇ ಎಣಿಸಿ ಬರೆದಿಟ್ಟಿದ್ದಾರೆ. ಆದರೂ ಅವನ ಹೆಸರಿನ ಕಲ್ಲು ಹುಡುಕಿಕೊಂಡು ಹೋಗಬೇಡಿ. ಆ ಕಾಲದ ಕ್ವೇಕರರು ಸಾಮಾನ್ಯವಾಗಿ ಸಮಾಧಿಗೆ ಕಲ್ಲು ನಿಲ್ಲಿಸುತ್ತಿರಲಿಲ್ಲ. ಸ್ಕ್ವೈರ್ ಮಾತ್ರ 1750ರಲ್ಲಿ ಸಂಸಾರ ಕಟ್ಟಿಕೊಂಡು ದಕ್ಷಿಣಕ್ಕೆ ಹೊರಟು, ನಾರ್ತ್ ಕೆರೊಲಿನಾದ ಯಾಡ್ಕಿನ್ ಕಣಿವೆಯಲ್ಲಿ ನೆಲೆ ನಿಂತ. 1765ರಲ್ಲಿ ಅಲ್ಲೇ ಸತ್ತ. ಮಾಕ್ಸ್‌ವಿಲ್ ಊರಿನ ಜೋಪಾ ಸ್ಮಶಾನದಲ್ಲಿ ಅವನ ಕಲ್ಲು ಇದೆ, ಹೆಸರು ಕೆತ್ತಿದ್ದು.