ಒಂದೇ ಜಾಲಿ, ಎರಡು ಥರದ ಇದ್ದಿಲು

ಚಳ್ಳಕೆರೆ ಹತ್ತಿರ ನಮ್ಮ ಕುಲುಮೆ. ಮಚ್ಚು, ಕುಡುಗೋಲು, ಗುದ್ದಲಿ ಮಾಡುತ್ತೇವೆ. ಇದ್ದಿಲು ಹೆಚ್ಚಾಗಿ ಬಳ್ಳಾರಿ ಜಾಲಿಯದೇ. ಹೋದ ವರ್ಷ ಒಂದೇ ಕಡೆಯಿಂದ ತಂದ ಎರಡು ಚೀಲ ಎರಡು ಥರ ಉರಿದವು. ಒಂದು ಬೇಗ ಹತ್ತಿಕೊಂಡಿತು, ಹೊಗೆ ಕಾರಿತು, ಅಷ್ಟೇ ಬೇಗ ಬೂದಿಯಾಯಿತು. ಇನ್ನೊಂದು ಹತ್ತೋದೇ ತಡ. ಹತ್ತಿದ ಮೇಲೆ ಮಾತ್ರ ಒಂದೇ ಸಮ ಕಾವು. ಅಪ್ಪ ಎರಡರಿಂದಲೂ ಒಂದೊಂದು ತುಂಡು ತೆಗೆದು ಚಪ್ಪಡಿ ಮೇಲೆ ಹಾಕಿದರು. ಬೇಗ ಉರಿದದ್ದು ಡಬ್ ಅಂತು, ಇನ್ನೊಂದು ಠಣ್ ಅಂತು. “ಡಬ್ ಅಂದದ್ದು ಅರೆಬೆಂದದ್ದು ಕಣೋ” ಅಂದರು.

ಹಾಗಾದರೆ ಅದನ್ನೇ ಮತ್ತೆ ಬೇಯಿಸಿದರೆ?

ಒಂದು ಕೆಜಿ ಒಣ ಇದ್ದಿಲನ್ನು ದಪ್ಪ ಕಬ್ಬಿಣದ ಡಬ್ಬಿಗೆ ತುಂಬಿದೆ. ಮುಚ್ಚಳ ಬಿಗಿದು, ಮೊಳೆ ಗಾತ್ರದ ತೂತು ಬಿಟ್ಟೆ. ತೂತು ಇಲ್ಲದಿದ್ದರೆ ಒಳಗಿನ ಗ್ಯಾಸ್‌ಗೆ ಡಬ್ಬಿ ಸಿಡಿಯುತ್ತದೆ, ಮರೆಯಬೇಡಿ. ಡಬ್ಬಿ ಚೆನ್ನಾಗಿ ಕೆಂಪಾಗುವವರೆಗೆ ಕಾಯಿಸಿದೆ. ಆ ಬಣ್ಣ ಅಂದರೆ ಸುಮಾರು 750 ಡಿಗ್ರಿ ಸೆಲ್ಸಿಯಸ್. ತೂತಿನಿಂದ ಮೊದಲು ಹೊಗೆ ಬಂತು, ಆಮೇಲೆ ಬೆರಳುದ್ದದ ಹಳದಿ ಉರಿ, ಕೊನೆಗೆ ಸಣ್ಣ ನೀಲಿ ಉರಿ. ಅದೂ ತಾನಾಗೇ ನಿಂತಿತು.

ಮೊದಲ ಸಲ ಬಿಸಿ ಇರುವಾಗಲೇ ಮುಚ್ಚಳ ತೆಗೆದೆ. ಗಾಳಿ ತಾಗಿದ್ದೇ ತಡ, ಪೂರ್ತಿ ಕೆಂಡ! ಎರಡನೇ ಸಲ ಉರಿ ನಿಂತು ಕುಲುಮೆಯಿಂದ ಇಳಿಸಿದ ಮೇಲೆ ತೂತಿಗೆ ಹಸಿ ಮಣ್ಣು ಮೆತ್ತಿ, ಬೆಳಗಿನವರೆಗೂ ಮುಟ್ಟಲಿಲ್ಲ. ತೂಗಿದರೆ 740 ಗ್ರಾಂ. ಉಳಿದದ್ದೆಲ್ಲ ಗ್ಯಾಸ್ ಆಗಿ, ಟಾರ್ ಆಗಿ ಹೋಗಿತ್ತು.

ಸುಮ್ನೆ ಕುತೂಹಲಕ್ಕೆ ಮಲ್ಟಿಮೀಟರ್ ಇಟ್ಟು ನೋಡಿದೆ. ಅರೆಬೆಂದ ತುಂಡಿನಲ್ಲಿ ಕರೆಂಟ್ ಹರಿಯಲೇ ಇಲ್ಲ. ಮತ್ತೆ ಬೇಯಿಸಿದ ತುಂಡು ಹತ್ತಾರು ಓಮ್ ತಡೆ ಮಾತ್ರ ತೋರಿಸಿತು, ಅಂದರೆ ಕರೆಂಟ್ ಹರಿಯಿತು. ನೋಡೋಕೆ ಎರಡೂ ಒಂದೇ ಕಪ್ಪು, ಒಳಗಿನ ಕಟ್ಟೇ ಬದಲಾಗಿದೆ. 400 ಡಿಗ್ರಿಯ ಸುಮಾರಿಗೇ ಬೇಯಿಸೋದು ನಿಲ್ಲಿಸಿದ ಇದ್ದಿಲಲ್ಲಿ ಹತ್ತಿಕೊಳ್ಳುವ ಅಂಶ ಇನ್ನೂ ಜಾಸ್ತಿ ಉಳಿದಿರುತ್ತದೆ. ಕಾವು ಏರಿದಂತೆ ಅದು ಹೊರಟುಹೋಗಿ ಕಾರ್ಬನ್ನಿನ ಸಣ್ಣ ಸಣ್ಣ ಪದರಗಳು ದೊಡ್ಡದಾಗಿ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಕರೆಂಟ್‌ಗೆ ದಾರಿ ಸಿಗೋದು ಆಗ. ಆಮ್ಲಜನಕ ಮುಖ್ಯವಾಗಿ ಪದರಗಳ ಅಂಚನ್ನು ಹಿಡಿಯುತ್ತದೆ. ಪದರ ಬೆಳೆದಷ್ಟೂ ಅಂಚು ಕಡಿಮೆ, ಅದಕ್ಕೇ ಹತ್ತೋದು ತಡ.

ಇನ್ನೂ ಕಾಯಿಸಿದರೆ ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಆಗುತ್ತಾ ಅಂತ ಮಗಳು ಕೇಳಿದಳು. ಒಳ್ಳೇ ಪ್ರಶ್ನೆ ಅಲ್ವಾ? ಕಾಯಿಸಿದರೆ ಗ್ರಾಫೈಟ್ ಆಗುವ ಕಾರ್ಬನ್ ಬೇರೆ, ಆಗದ್ದು ಬೇರೆ ಎಂದು ವಿಜ್ಞಾನಿ ರೋಸಲಿಂಡ್ ಫ್ರಾಂಕ್ಲಿನ್ 1951ರಲ್ಲೇ ವಿಂಗಡಿಸಿದ್ದರು. ಕಟ್ಟಿಗೆ ಇದ್ದಿಲು ಎರಡನೇ ಗುಂಪಿಗೆ ಸೇರಿದ್ದು.

ಈಗ ಚೀಲ ಬಂದ ಕೂಡಲೇ ಚಪ್ಪಡಿ ಮೇಲೆ ಹಾಕಿ ಸದ್ದು ಕೇಳಿ ಬೇರೆ ಮಾಡುತ್ತೇನೆ. ಡಬ್ ಅನ್ನುವುದು ಬೆಳಗ್ಗೆ ಕುಲುಮೆ ಹೊತ್ತಿಸೋಕೆ. ಠಣ್ ಅನ್ನುವುದು ಮಚ್ಚಿನ ಬಾಯಿ ಕಾಯಿಸೋಕೆ. ಎಲ್ಲವನ್ನೂ ಮತ್ತೆ ಬೇಯಿಸೋದಿಲ್ಲ. ಕೆಜಿಗೆ ಕಾಲು ಭಾಗ ತೂಕ ಕಳೆದುಕೊಳ್ಳೋದು ನಮಗೆ ಕಟ್ಟೋದಿಲ್ಲ.