ಫೋನಿನಲ್ಲೇ ರಾಂಕಿನ್ ಗ್ರೇಡ್: ಕೋಲಾರದ ಹಳ್ಳಿಗಳಲ್ಲಿ 90ನೇ ದಿನದ ಲೆಕ್ಕ

ಲಕ್ವ ಹೊಡೆದವರ 90ನೇ ದಿನದ ರಾಂಕಿನ್ ಗ್ರೇಡನ್ನು ಫೋನಿನಲ್ಲೇ ಕೇಳಿ ಬರೆಯುತ್ತೇನೆ ಅಂದಾಗ ಒಪ್ಪಿದವರು ಕಡಿಮೆ. ರಾಂಕಿನ್ ಅಂದರೆ ಲಕ್ವದ ನಂತರ ಎಷ್ಟು ಪರಾವಲಂಬಿ ಅನ್ನುವ ಅಳತೆ: 0 ಅಂದರೆ ಯಾವ ತೊಂದರೆಯೂ ಇಲ್ಲ, 5 ಅಂದರೆ ಹಾಸಿಗೆ ಹಿಡಿದವರು, 6 ಅಂದರೆ ಸಾವು. "ಹಳ್ಳಿಯವರು ಫೋನ್ ಎತ್ತಲ್ಲ, ಎತ್ತಿದ್ರೂ ಪರವಾಗಿಲ್ಲ ಸಾರ್ ಅಂತಾರೆ. ಅದನ್ನ 1 ಅಂತ ಬರೀತೀರೋ 3 ಅಂತಲೋ?" ಅಂತ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಈಗ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ತಾಲ್ಲೂಕುಗಳ ಸುಮಾರು 140 ಜನರ ಎರಡನೇ ಪಟ್ಟಿಯಲ್ಲಿ ಹತ್ತು ಹನ್ನೆರಡು ಮಂದಿ ಬಿಟ್ಟು ಉಳಿದವರೆಲ್ಲರ ಗ್ರೇಡ್ ಕೈಯಲ್ಲಿದೆ. ಅವರಲ್ಲಿ 40 ಮಂದಿಯ ಮನೆಗೆ ವಾರದೊಳಗೆ ಇನ್ನೊಬ್ಬರನ್ನು ಕಳಿಸಿ, ಫೋನಿನ ಗ್ರೇಡ್ ತೋರಿಸದೆ ಮತ್ತೆ ಹಾಕಿಸಿದೆ. 33 ಅಥವಾ 34 ಕಡೆ ಎರಡೂ ಒಂದೇ ಬಂತು. ಉಳಿದ ಕಡೆ ಒಂದು ಗ್ರೇಡ್ ಆಚೀಚೆ. ಎರಡು ಗ್ರೇಡ್ ತಪ್ಪಿದ್ದು ಒಂದೂ ಇಲ್ಲ.

ಮೊದಲ ಪಟ್ಟಿ ಪೂರ್ತಿ ಕೆಟ್ಟಿತ್ತು. ಸುಮಾರು 60 ಜನರಲ್ಲಿ ಫೋನಿಗೆ ಸಿಕ್ಕವರು 35 ದಾಟಲಿಲ್ಲ. ಕೇಸ್ ಶೀಟಿನಲ್ಲಿ ಇರುವ ನಂಬರ್ ರೋಗಿಯ ಮನೆಯದ್ದೇ ಆಗಿರಬೇಕು ಅಂತಿಲ್ಲ. ಆವತ್ತು ಕರೆತಂದವರದ್ದು, ಎಷ್ಟೋ ಸಲ ಬಾಡಿಗೆ ಕಾರಿನ ಡ್ರೈವರಿನದ್ದು. ಸಿಗದ 25 ಮನೆಗಳನ್ನು ಹುಡುಕಿಸೋಕೆ ಪೆಟ್ರೋಲು, ಆಟೋ, ದಿನಗೂಲಿ ಸೇರಿ 11 ಸಾವಿರದಷ್ಟು ಹೋಯಿತು. ದಂಡ ಅನಿಸಿದ ಆ ದುಡ್ಡೇ ನಿಜ ಕಲಿಸಿತು. ಸಿಗದವರಲ್ಲಿ ಏಳೆಂಟು ಮಂದಿ ತೀರಿಹೋಗಿದ್ದರು. ಹೆಚ್ಚುಕಮ್ಮಿ ಅಷ್ಟೇ ಜನ ಚೆನ್ನಾಗಿ ಸುಧಾರಿಸಿಕೊಂಡು ತೋಟಕ್ಕೋ ಬೆಂಗಳೂರಿನ ಕೆಲಸಕ್ಕೋ ವಾಪಸ್ ಹೋಗಿದ್ದರು. ಅಂದರೆ ಫೋನಿಗೆ ಸಿಕ್ಕವರು ಬರೀ ನಡುವಿನವರು, ಮನೆಯಲ್ಲೇ ಇರುವವರು. 0, 1 ಮತ್ತು 6 ಎರಡೂ ತುದಿಯಿಂದ ಉದುರಿಹೋದ ಮೇಲೆ ಆ ಡೇಟಾದಿಂದ ಯಾವ ಪ್ರೋಗ್ನೋಸಿಸ್ ಮಾಡೆಲ್ (ಯಾರು ಎಷ್ಟು ಸುಧಾರಿಸ್ತಾರೆ ಅಂತ ಮೊದಲೇ ಅಂದಾಜಿಸುವ ಲೆಕ್ಕ) ಕಟ್ಟಿದರೂ ಅದು ಸುಳ್ಳು ಹೇಳುತ್ತೆ. ಸಿಗದವರನ್ನು ಬಿಟ್ಟು ಸಿಕ್ಕವರದ್ದೇ ಟೇಬಲ್ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ, ಅದನ್ನು ಬಿಡಲೇಬೇಕು.

ಹಾಗಾಗಿ ಕೆಲಸ ಶುರುವಾಗೋದು ಡಿಸ್ಚಾರ್ಜ್ ದಿನ. ಮೂರು ನಂಬರ್ ತಗೊಳ್ಳಿ: ರೋಗಿಯ ಜೊತೆ ಒಂದೇ ಸೂರಿನಡಿ ಇರುವವರದ್ದು, ಬೆಂಗಳೂರಿನಲ್ಲೋ ಹೊಸಕೋಟೆಯಲ್ಲೋ ಇರುವ ಮಗ ಅಥವಾ ಮಗಳದ್ದು, ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಒಬ್ಬರದ್ದು. ಮೂರನೆಯದಕ್ಕೆ ಹಾಲಿನ ಡೈರಿಯ ಸೆಕ್ರೆಟರಿಯಷ್ಟು ಗಟ್ಟಿ ಆಸಾಮಿ ಬೇರಿಲ್ಲ. ಊರು ಬಿಟ್ಟು ಹೋಗಲ್ಲ, ನಂಬರ್ ಬದಲಿಸಲ್ಲ. ಆದರೆ ಅವರಿಗೆ ಕಾಯಿಲೆಯ ವಿಷಯ ಹೇಳುವ ಹಾಗಿಲ್ಲ. "ಮನೆಯವರಿಗೆ ಫೋನ್ ಮಾಡೋಕೆ ಹೇಳಿ" ಅಷ್ಟೇ. ಈ ಮೂರನೇ ನಂಬರ್ ಬಳಸೋಕೆ ಕನ್ಸೆಂಟ್ ಫಾರಂನಲ್ಲಿ ಬೇರೆಯೇ ಸಾಲಿರಲಿ, ಎಥಿಕ್ಸ್ ಕಮಿಟಿಗೆ ಮೊದಲೇ ತೋರಿಸಿ. ಮೂರೂ ನಂಬರಿಗೆ ವಾರ್ಡಿನಲ್ಲಿ ನಿಂತೇ ರಿಂಗ್ ಕೊಟ್ಟು ನೋಡಬೇಕು. ಹತ್ತರಲ್ಲಿ ಎರಡಾದರೂ ತಪ್ಪಿರುತ್ತೆ. ಲಕ್ವಕ್ಕೆ ಮುಂಚಿನ ರಾಂಕಿನ್ ಕೂಡ ಆವತ್ತೇ ಬರೆದುಕೊಳ್ಳಿ. ಮೂರು ತಿಂಗಳು ಬಿಟ್ಟು ಕೇಳಿದರೆ ಎಲ್ಲರೂ "ಮುಂಚೆ ಕಲ್ಲಿದ್ದ ಹಾಗಿದ್ರು" ಅಂತಾರೆ.

ಕರೆಯ ಹೊತ್ತು ಸಂಜೆ ಹಾಲು ಹಾಕಿ ಬಂದ ಮೇಲೆ, ಏಳೂವರೆಯಿಂದ ಎಂಟೂವರೆ. ಬೆಳಿಗ್ಗೆ ಟೊಮೆಟೊ ಮಂಡಿಗೆ ಹೋದವರು ಎತ್ತಲ್ಲ. ಹೊಸ ನಂಬರಿನಿಂದ ಮಾಡಿದರೆ ಸಾಲ ವಸೂಲಿಯವರು ಅಂದುಕೊಂಡು ಕಟ್ ಮಾಡ್ತಾರೆ. ಅದಕ್ಕೆ ಕರೆ ಮಾಡುವ ಸಿಮ್ ಒಂದೇ ಇರಲಿ, ಆ ನಂಬರನ್ನು ಡಿಸ್ಚಾರ್ಜ್ ದಿನವೇ ಅವರ ಫೋನಿನಲ್ಲಿ ಸೇವ್ ಮಾಡಿಸಿ. 30ನೇ ದಿನ ಒಂದು ಸಣ್ಣ ಕರೆ, ಮಾತ್ರೆ ತಗೊಳ್ತಿದ್ದಾರಾ ಅಂತ ಮಾತ್ರ. ಗ್ರೇಡ್ ಕೇಳಬೇಡಿ, ದನಿ ಗುರುತು ಹಿಡಿಯಲಿ ಅಂತ ಆ ಕರೆ. ಮೊದಲ ಅರ್ಧ ನಿಮಿಷದಲ್ಲಿ ನಾನು ಆಡುವ ಮಾತಿನ ವರಸೆ ಒಂದಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಈಗ ಪ್ರಶ್ನೆಗಳು. ಎಲ್ಲ ಜಗಳ ಇರೋದು 2 ಮತ್ತು 3ರ ನಡುವೆ. 2 ಅಂದರೆ ತಮ್ಮ ಕೆಲಸ ತಾವೇ ನೋಡಿಕೊಳ್ಳುವವರು, 3 ಅಂದರೆ ಒಬ್ಬರೇ ನಡೆದರೂ ಸ್ವಲ್ಪ ಸಹಾಯ ಬೇಕಾದವರು. 4, 5 ಸುಲಭ; "ಬಚ್ಚಲಿಗೆ ಹೋಗುವಾಗ ಯಾರಾದ್ರೂ ಹಿಡ್ಕೋಬೇಕಾ?" ಅಂದರೆ ಗೊತ್ತಾಗುತ್ತೆ. ಕೋಲು ಹಿಡಿದು ನಡೆದರೂ ಒಬ್ಬರೇ ನಡೆದರೆ 4ಕ್ಕೆ ತಳ್ಳಬೇಡಿ. ಆದರೆ 2ಕ್ಕೂ 3ಕ್ಕೂ ಟ್ರೇನಿಂಗಿನಲ್ಲಿ ಹೇಳಿಕೊಡುವ "ಒಂದು ವಾರ ಒಬ್ಬರೇ ಇರಬಲ್ಲರಾ" ಅನ್ನುವ ಪ್ರಶ್ನೆ ಇಲ್ಲಿ ನಡೆಯಲ್ಲ. ಗಟ್ಟಿಮುಟ್ಟಾದ ಯಜಮಾನರನ್ನೂ ಯಾರೂ ವಾರ ಒಬ್ಬರನ್ನೇ ಬಿಡಲ್ಲ, ಅಡಿಗೆ ಮಾಡಿಕೊಂಡು ಅವರಿಗೆ ಜನ್ಮದಲ್ಲೇ ಅಭ್ಯಾಸವಿಲ್ಲ. ನಾನು ಹಾಕಿದ್ದು ಹೀಗೆ: "ನೀವೆಲ್ಲ ಎರಡು ದಿನ ಮದುವೆಗೆ ಹೋಗ್ಬೇಕು ಅಂದ್ರೆ ಅಯ್ಯನ್ನ ಮನೆಲಿ ಬಿಟ್ಟು ಹೋಗ್ತೀರಾ? ಜೊತೆಗೆ ಯಾರನ್ನಾದ್ರೂ ಬಿಡ್ತೀರಾ? ಯಾತಕ್ಕೆ?" ಆ "ಯಾತಕ್ಕೆ" ಅನ್ನೋದರಲ್ಲೇ ಗ್ರೇಡ್ ಇದೆ. "ಅನ್ನ ಮಾಡ್ಕೊಡೋಕೆ" ಅಂದರೆ ಅದು ಲಕ್ವದ ಲೆಕ್ಕಕ್ಕೆ ಬರಲ್ಲ. "ಪಂಚೆ ಉಟ್ಕೊಳ್ಳೋಕೆ ಆಗಲ್ಲ, ಮಾತ್ರೆ ಯಾವುದು ಅಂತ ತಿಳಿಯಲ್ಲ" ಅಂದರೆ 3.

ಹೆಂಗಸರ ವಿಷಯದಲ್ಲಿ ಇನ್ನೊಂದು ಗಂಟು. "ಅಮ್ಮ ಅಡಿಗೆ ಮಾಡಲ್ಲ" ಅಂತ ಸೊಸೆ ಹೇಳಿದರೆ, ಆಗಲ್ಲವೋ, ಇವರೇ ಬಿಡಲ್ಲವೋ ಕೇಳಲೇಬೇಕು. "ಒಲೆ ಮುಂದೆ ಬಿದ್ದುಬಿಟ್ರೆ ಅಂತ ನಾವೇ ಬಿಡಲ್ಲ" ಅನ್ನುವ ಉತ್ತರ ಮೂರಕ್ಕೊಂದು ಮನೆಯಲ್ಲಿ ಬಂತು. ಊಟ, ಪಾಯಖಾನೆಯಂಥ ದಿನದ ಕೆಲಸಗಳಿಗೆ ಅಂಕ ಕೊಡುವ ಬಾರ್ತೆಲ್ ಇಂಡೆಕ್ಸಿನಲ್ಲಿ ಮಾಡುತ್ತಾರಾ ಅನ್ನೋದು ಲೆಕ್ಕ, ರಾಂಕಿನ್ನಿನಲ್ಲಿ ಮಾಡಬಲ್ಲರಾ ಅನ್ನೋದು. ಎರಡನ್ನೂ ಒಂದೇ ಕರೆಯಲ್ಲಿ ಕೇಳುವವರು ಇದನ್ನು ಕಲಸಿಬಿಡ್ತಾರೆ. ಗಡಿ ಊರುಗಳಲ್ಲಿ ಮನೆಮಾತು ತೆಲುಗು. ಅಲ್ಲಿ "ಚೇಯರು" ಅಂದರೆ ಮಾಡಲ್ಲ, "ಚೇಯಲೇರು" ಅಂದರೆ ಮಾಡಲಾರರು. ನಡುವೆ ಇರೋದು ಒಂದು "ಲೇ". ಗಾಳಿಗೆ ಸಿಗ್ನಲ್ ಹಾರುವ ಫೋನಿನಲ್ಲಿ ಆ ಅಕ್ಷರ ಕಳೆದುಹೋದರೆ ಒಂದು ಗ್ರೇಡೇ ಹೋಯಿತು. ಹಾಗಾಗಿ ತೆಲುಗಿನಲ್ಲಿ ಬಂದ ಉತ್ತರವನ್ನು ತಿರುಗಿಸಿ ಇನ್ನೊಂದು ಸಲ ಕೇಳೋದು ಕಡ್ಡಾಯ. ಕೆಜಿಎಫ್ ಕಡೆಯ ಮನೆಗಳಿಗೆ ತಮಿಳು ಬಲ್ಲವರಿಂದಲೇ ಕರೆ ಮಾಡಿಸಿ.

ಬಾರ್ತೆಲ್‌ನ ಊಟದ ಸಾಲಿಗೆ ಮುದ್ದೆಯನ್ನೇ ಅಳತೆಗೋಲು ಮಾಡಿಕೊಂಡೆ. ತಾನೇ ಮುರಿದು ಸಾರಿಗೆ ಅದ್ದಿ ತಿಂದರೆ 10, ಎಡಗೈಯಲ್ಲಾದರೂ ಸರಿ, ಚಮಚದಲ್ಲಾದರೂ ಸರಿ. ಯಾರಾದರೂ ಸಣ್ಣ ತುತ್ತು ಮಾಡಿ ತಟ್ಟೆಯಲ್ಲಿಟ್ಟರೆ 5. ಬಾಯಿಗಿಟ್ಟರೆ 0. ಬಲಗೈ ಹೋದವರಿಗೆ ಎಡಗೈ ಊಟ ಬೇಡ ಅಂತ ಮನೆಯವರೇ ತಿನ್ನಿಸುವುದುಂಟು; ಅಲ್ಲಿ ಕಾರಣ ಪಕ್ಕದಲ್ಲಿ ಬರೆಯಿರಿ, ಅಂಕ ಮಾತ್ರ 0ಯೇ. ಪಾಯಖಾನೆಗೆ, ಕುಕ್ಕರಗಾಲಲ್ಲಿ ಕೂರಲಾಗದೆ ತೂತಿನ ಕುರ್ಚಿ ಇಟ್ಟುಕೊಂಡವರು ಅದನ್ನು ತಾವೇ ಇಟ್ಟು, ತಾವೇ ಚೆಲ್ಲಿ ತೊಳೆದರೆ ಮಾತ್ರ 10. ಮೆಟ್ಟಿಲು ಹತ್ತುವ ಸಾಲಿಗೆ, ಮೆಟ್ಟಿಲಿಲ್ಲದ ಮನೆಗಳಲ್ಲಿ ಬಸ್ಸಿನ ಮೆಟ್ಟಿಲಿನ ಪ್ರಶ್ನೆ ಹಾಕಿ ನೋಡಿದೆ, ಹೊಂದಲಿಲ್ಲ. ಕಂಬಿ ಹಿಡಿದು ಎರಡು ಹೆಜ್ಜೆ ಹತ್ತುವುದೇ ಬೇರೆ, ಒಂದು ಅಂತಸ್ತು ಹತ್ತುವುದೇ ಬೇರೆ.

ಸಾವಿನ ಪ್ರಶ್ನೆಗೆ ಎಚ್ಚರ ಬೇಕು. "ಯಜಮಾನರು ಹೇಗಿದ್ದಾರೆ?" ಅಂತ ಶುರುಮಾಡಬೇಡಿ, ತೀರಿಹೋಗಿದ್ದರೆ ಆ ಮನೆಗೆ ಅದು ಗಾಯ. "ಆಸ್ಪತ್ರೆಯಿಂದ ಹೋದ ಮೇಲೆ ಮನೆಲಿ ಏನಾಯ್ತು ಹೇಳಿ" ಅಂದರೆ ಅವರೇ ಹೇಳ್ತಾರೆ. ತಾರೀಖು ಯಾರಿಗೂ ನೆನಪಿರಲ್ಲ. "ಶಿವರಾತ್ರಿ ಆಗಿ ಎಂಟು ದಿನಕ್ಕೆ", "ಅಮಾವಾಸ್ಯೆ ಹಿಂದಿನ ಸೋಮವಾರ" ಅಂತಾರೆ. ಮೇಜಿನ ಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದ್ದರೆ ಒಂದೆರಡು ದಿನದ ಆಚೀಚೆಗೆ ತಾರೀಖು ಸಿಗುತ್ತೆ.

ಮನೆಗೆ ಹೋದಾಗ ನಡಿಗೆಯನ್ನೂ ಅಳೆದೆವು. 6 ಮೀಟರ್ ನೂಲಿನ ಹಗ್ಗ, ಎರಡು ತುದಿಗೂ 1 ಮೀಟರ್ ಬಿಟ್ಟು ಕೆಂಪು ದಾರದ ಗಂಟು, ನಡುವಿನ 4 ಮೀಟರಿಗೆ ಮಾತ್ರ ಸ್ಟಾಪ್‌ವಾಚ್. 5 ಸೆಕೆಂಡಿನಲ್ಲಿ ಮುಗಿಸಿದರೆ ಸೆಕೆಂಡಿಗೆ 0.8 ಮೀಟರ್, ಊರೊಳಗೆ ಓಡಾಡುವ ನಡಿಗೆ. 10 ಸೆಕೆಂಡ್ ದಾಟಿದರೆ 0.4ಕ್ಕಿಂತ ಕಡಿಮೆ, ಮನೆಯೊಳಗಿನ ನಡಿಗೆ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ಬರುವ ಪರೀಕ್ಷೆ ಕೆಟ್ಟಿತು. ಇರೋದು ಪ್ಲಾಸ್ಟಿಕ್ ಕುರ್ಚಿ, ನೆಲ ನುಣುಪಾದ ರೆಡ್ ಆಕ್ಸೈಡ್. ಒಂದೇ ಕೈ ಊರಿ ಎದ್ದರೆ ಕುರ್ಚಿ ಓರೆಯಾಗಿ ಹಿಂದಕ್ಕೆ ಜಾರುತ್ತೆ, ಹಿಂಗಾಲು ಅಗಲವಾಗುತ್ತೆ, ರೋಗಿ ಹೆದರಿ ಮತ್ತೆ ಕೂರ್ತಾರೆ. ಗೋಡೆಗೆ ಒತ್ತಿ ಇಟ್ಟು, ಕಾಲಿನ ಕೆಳಗೆ ಒದ್ದೆ ಗೋಣಿ ಹಾಕಿದ ಮೇಲೆ ಜಾರೋದು ನಿಂತಿತು. ಆದರೆ ಸೀಟಿನ ಎತ್ತರ ಮನೆಮನೆಗೂ ಬೇರೆ. ಆ ಅಂಕಿಗಳನ್ನು ಬಳಸಲಿಲ್ಲ.

ಕೈಯ ಪ್ರೋಗ್ನೋಸಿಸ್‌ಗೆ ಯಂತ್ರ ಬೇಡ. 72 ಗಂಟೆಯೊಳಗೆ ಭುಜ ಪಕ್ಕಕ್ಕೆ ಎತ್ತುತ್ತಾರಾ, ಬೆರಳು ಬಿಚ್ಚುತ್ತಾರಾ, ಎರಡು ನೋಡಿ ಬರೆದಿಡಿ. 2010ರಲ್ಲಿ ಪ್ರಕಟವಾದ ಡಚ್ ಅಧ್ಯಯನದಲ್ಲಿ ಎರಡೂ ಇದ್ದವರಿಗೆ 6 ತಿಂಗಳಿಗೆ ಕೈಚಳಕ ಸ್ವಲ್ಪವಾದರೂ ಮರಳುವ ಸಂಭವ 98%, ಎರಡೂ ಇಲ್ಲದವರಿಗೆ 25%. ನಮ್ಮಲ್ಲಿ ಲೆಕ್ಕ ಹಾಕುವಷ್ಟು ಜನ ಇನ್ನೂ ಆಗಿಲ್ಲ, ದಿಕ್ಕು ಮಾತ್ರ ಅದೇ.

ದುಡ್ಡಿನ ವಿಷಯ. ಮೂರು ಟ್ಯಾಬ್ ಮತ್ತು ಒಂದು ಆಪ್‌ಗೆ 38 ಸಾವಿರದ ಹತ್ತಿರ ಸುರಿದು ನಷ್ಟ ಮಾಡಿಕೊಂಡೆ; ಕರೆಯ ನಡುವೆ ಪರದೆ ಒತ್ತುತ್ತಾ ಕೂತರೆ ಮಾತಿನ ಎಳೆ ತಪ್ಪುತ್ತೆ. ಕೊನೆಗೆ ಉಳಿದಿದ್ದು ಒಂದು ಎ4 ಹಾಳೆ, ಎರಡೂ ಮಗ್ಗುಲು. ಉತ್ತರದ ಸ್ಟಾಂಪ್ ಸಮೇತ 50 ಪತ್ರ ಹಾಕಿದ್ದಕ್ಕೆ ಆರೇಳು ಉತ್ತರ ಮಾತ್ರ ಬಂದವು. ಮನೆ ಭೇಟಿ ಒಂದಕ್ಕೆ ಸರಾಸರಿ 450 ರೂಪಾಯಿ. ಫೋನಿಗೆ, ಮೂರು ನಾಲ್ಕು ಸಲ ಮಾಡಿದರೂ ಕರೆಯವರ ಕೂಲಿ ಸೇರಿ 40ರೊಳಗೆ.

ಕರೆ ಮಾಡುವವರಿಗೆ ದಾಖಲಾದ ದಿನದ ಎನ್ಐಎಚ್ ಸ್ಕೋರ್ (ಲಕ್ವ ಎಷ್ಟು ಜೋರು ಅನ್ನುವ ಅಂಕ, ಹೆಚ್ಚಿದಷ್ಟೂ ಕೆಟ್ಟದ್ದು) ಕಾಣಬಾರದು. 22 ಅಂತ ನೋಡಿದವರ ಕೈ ತಾನಾಗಿ 4ರ ಕಡೆ ವಾಲುತ್ತೆ. ನಾಟಿ ಔಷಧಿಗೆ ಹೋಗಿದ್ರಾ ಅಂತ ಗದರಿಸಿ ಕೇಳಿದರೆ ಮುಂದಿನ ಕರೆ ಎತ್ತಲ್ಲ. ಹೋಗಿದ್ದರೆ ಎಷ್ಟು ದಿನ ಅಂತ ಮಾತ್ರ ಬರೆದುಕೊಳ್ಳಿ. ಹೆಚ್ಚಿನ ಮನೆಯವರು ತಿರುಗಿ ಕೇಳೋದು ಅಂಗವಿಕಲರ ಕಾರ್ಡಿನ ಬಗ್ಗೆ. ರಾಂಕಿನ್ ಗ್ರೇಡಿಗೂ ಆ ಕಾರ್ಡಿನ (ಯುಡಿಐಡಿ) 40% ಅಂಗವೈಕಲ್ಯದ ಲೆಕ್ಕಕ್ಕೂ ಸಂಬಂಧವಿಲ್ಲ, ಅದನ್ನು ವೈದ್ಯರು ಬೇರೆ ಅಳತೆಯಲ್ಲಿ ಹಾಕ್ತಾರೆ ಅನ್ನೋದನ್ನು ಸ್ಪಷ್ಟವಾಗಿ ಹೇಳಿ. ಅರ್ಜಿ ಎಲ್ಲಿ ಹಾಕಬೇಕು ಅನ್ನೋ ಚೀಟಿ ಕೈಯಲ್ಲಿರಲಿ.

ಸಿಗದೇ ಹೋದ ಹತ್ತು ಹನ್ನೆರಡು ಮಂದಿಗೆ ಡಿಸ್ಚಾರ್ಜ್ ದಿನದ ಗ್ರೇಡ್ ತುಂಬಬೇಡಿ. ಮೊದಲ ವಾರದ ಕೊನೆಗೆ 4 ಇದ್ದವರು ಮೂರು ತಿಂಗಳಿಗೆ 3ಕ್ಕೋ 2ಕ್ಕೋ ಬರೋದು ಮಾಮೂಲು. ಸಿಗದವರನ್ನೆಲ್ಲ ಒಂದು ಸಲ 6, ಒಂದು ಸಲ 1 ಅಂತ ಇಟ್ಟು ಎರಡೂ ಫಲಿತಾಂಶ ಪಕ್ಕಪಕ್ಕ ಹಾಕಿದೆ. ಗ್ರೇಡಿನ ಮೇಲೆ ವಯಸ್ಸು, ಎನ್ಐಎಚ್ ಸ್ಕೋರ್ ಎರಡರ ಪರಿಣಾಮದ ದಿಕ್ಕೂ ಬದಲಾಗಲಿಲ್ಲ. 180ನೇ ದಿನದ ಸುತ್ತು ಈಗ ಶುರುವಾಗಿದೆ. ಶ್ರೀನಿವಾಸಪುರದ ಕಡೆ ಮಾವಿನ ಕಾಲ, ಆ ಮನೆಗಳಿಗೆ ಮಾತ್ರ ಕರೆ ರಾತ್ರಿ ಒಂಬತ್ತರ ಮೇಲೆ.